ಭಾಗಿಸಿ ಗೆದ್ದ ಓಟ, ಓಡಿ ಗೆದ್ದ ಓಟ

2020ರ ಫೆಬ್ರುವರಿ 1ರಂದು ಐಕಳ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಅದನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿದಾಗ ಬಂದದ್ದು 9.55 ಸೆಕೆಂಡ್. 2009ರ ಆಗಸ್ಟ್ 16ರಂದು ಬರ್ಲಿನ್ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಉಸೇನ್ ಬೋಲ್ಟ್ ಬರೆದ ವಿಶ್ವದಾಖಲೆ 9.58. ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟದ್ದೇ ತಡ, ದೇಶವೆಲ್ಲ ಗೌಡರನ್ನು ಬೋಲ್ಟ್‌ಗಿಂತ ವೇಗದ ಓಟಗಾರ ಎಂದು ಕೊಂಡಾಡಿತು. ಕೆಲವೇ ದಿನಗಳಲ್ಲಿ ವೇಣೂರಿನ ಕರೆಯಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಮತ್ತೆ ಅದೇ ಭಾಗಾಕಾರ, ಮತ್ತೆ ಅದೇ ಜಯಘೋಷ. ಕೇಂದ್ರ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಗೌಡರನ್ನು ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಕರೆದರು. ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮ ಶೀಳನೆರೆಯ ನೆರೆಹೋಬಳಿ ಬೂಕನಕೆರೆಯವರೇ ಆದ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಸನ್ಮಾನ ಮಾಡಿದರು. ಸನ್ಮಾನಕ್ಕೆ ಗೌಡರು ಪೂರ್ತಿ ಅರ್ಹರು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇರುವುದು ಆ ಭಾಗಾಕಾರದ ಮೇಲೆ. ಯಾವ ನೆಲ, ಯಾವ ಆರಂಭ, ಯಾವ ಗಾಳಿ, ಯಾವ ಗಡಿಯಾರ ಎಂಬ ನಾಲ್ಕು ಷರತ್ತುಗಳನ್ನು ಕಿತ್ತುಹಾಕಿದ ಮೇಲೆ ಓಟದ ಸಮಯಕ್ಕೆ ಬೆಲೆಯಿಲ್ಲ. ಅಂಥ ಅಂಕಿಯನ್ನು ನಂಬಿದರೆ ಹೆಚ್ಚು ನಷ್ಟವಾಗುವುದು ಹಳ್ಳಿಯ ಓಟಗಾರನಿಗೇ.

ಮೊದಲು ಬರ್ಲಿನ್ನಿನ ಓಟವನ್ನೇ ಬಿಡಿಸಿ ನೋಡೋಣ. ಬೋಲ್ಟ್ ಮೊದಲ 20 ಮೀಟರಿಗೆ ತೆಗೆದುಕೊಂಡದ್ದು 2.89 ಸೆಕೆಂಡ್. ಮುಂದಿನ ಇಪ್ಪತ್ತಿಪ್ಪತ್ತು ಮೀಟರುಗಳಿಗೆ ಕ್ರಮವಾಗಿ 1.75, 1.67, 1.61 ಮತ್ತು 1.66. ದೂರದಲ್ಲಿ ಐದನೇ ಒಂದು ಪಾಲಾದ ಮೊದಲ ತುಂಡು ಸಮಯದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲನ್ನು ನುಂಗಿತು. ಪಿಸ್ತೂಲಿನ ಸದ್ದಿಗೆ ಅವರ ದೇಹ ಸ್ಪಂದಿಸಿದ 0.146 ಸೆಕೆಂಡೂ ಅದರಲ್ಲೇ ಸೇರಿದೆ. ಕೆ.ಆರ್. ಪೇಟೆಯಿಂದ ಮೈಸೂರಿಗೆ ಹೊರಟ ಬಸ್ಸು ನಿಲ್ದಾಣ ದಾಟಿ ಊರು ಬಿಡುವ ತನಕ ತೆವಳುತ್ತದೆ, ಆಮೇಲೆ ಓಟ ಹಿಡಿಯುತ್ತದೆ; ಒಟ್ಟು ಹೊತ್ತನ್ನು ಕಿಲೋಮೀಟರಿಗೆ ಹಂಚಿದರೆ ದಾರಿ ದೂರವಾದಷ್ಟೂ ಆ ತೆವಳಿಕೆಯ ಪಾಲು ತೆಳ್ಳಗಾಗುತ್ತದೆ. ಓಟದಲ್ಲೂ ಹಾಗೆಯೇ. 142.5 ಮೀಟರಿನ ಸಮಯವನ್ನು 100ಕ್ಕೆ ಇಳಿಸಿದಾಗ ಆರಂಭದ ನಿಧಾನವೂ ಜೊತೆಗೇ ಇಳಿದುಹೋಗುತ್ತದೆ. ಆದರೆ 100 ಮೀಟರ್ ಓಡುವವನಿಗೆ ಆ ರಿಯಾಯಿತಿ ಇಲ್ಲ. ನಿಂತಲ್ಲಿಂದ ಮೇಲೇಳುವ ಕಷ್ಟವನ್ನು ಆತ ಪೂರ್ತಿ ತೆರಲೇಬೇಕು. ಅದೇ 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ ಹಾಸಿದ ನೇರ ಟ್ರ್ಯಾಕಿನ ಮೇಲೆ ಬೋಲ್ಟ್ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದರು. ಅದರ ಕೊನೆಯ 100 ಮೀಟರಿಗೆ ಹಿಡಿದದ್ದು 8.70 ಸೆಕೆಂಡ್. ಒಬ್ಬನೇ ಮನುಷ್ಯ, ಒಂದೇ ವರ್ಷ, ಅದೇ ನೂರು ಮೀಟರ್. ಒಂದು ಕಡೆ 9.58, ಇನ್ನೊಂದು ಕಡೆ 8.70. ಎರಡೂ ನಿಜ. ಒಂದು ನಿಂತಲ್ಲಿಂದ ಹೊರಟದ್ದು, ಇನ್ನೊಂದು ಓಡುತ್ತಲೇ ಒಳಬಂದದ್ದು. ಇವೆರಡನ್ನು ಒಂದೇ ಪಟ್ಟಿಯಲ್ಲಿ ಬರೆಯಲು ಅಥ್ಲೆಟಿಕ್ಸ್ ಬಲ್ಲವರು ಯಾರೂ ಒಪ್ಪುವುದಿಲ್ಲ.

ಈ ಭಾಗಾಕಾರ ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದಕ್ಕೆ ನಮ್ಮದೇ ಉದಾಹರಣೆಯಿದೆ. 2025ರ ಏಪ್ರಿಲ್‌ನಲ್ಲಿ ಚಂಡೀಗಡದಲ್ಲಿ ಗುರಿಂದರ್‌ವೀರ್ ಸಿಂಗ್, ಅನಿಮೇಶ್ ಕುಜೂರ್, ಕರ್ನಾಟಕದ ಮಣಿಕಂಠ ಹೋಬಳಿದಾರ್ ಮತ್ತು ಅಮ್ಲಾನ್ ಬೊರ್ಗೊಹೈನ್ ಸೇರಿ 4x100 ಮೀಟರ್ ರಿಲೆಯಲ್ಲಿ 38.69 ಸೆಕೆಂಡಿನ ರಾಷ್ಟ್ರೀಯ ದಾಖಲೆ ಮಾಡಿದರು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ತಂದ ತಂಡದ 38.89 ಸೆಕೆಂಡಿನ ದಾಖಲೆ ಅಂದು ಅಳಿಯಿತು. ಆ 38.69ನ್ನು ನಾಲ್ವರಿಗೆ ಹಂಚಿದರೆ ತಲೆಗೆ 9.67. ಬೋಲ್ಟ್ ಒಬ್ಬರನ್ನು ಬಿಟ್ಟರೆ, ಕಾನೂನುಬದ್ಧ ಗಾಳಿಯಲ್ಲಿ ಅಷ್ಟು ವೇಗವಾಗಿ 100 ಮೀಟರ್ ಓಡಿದವರು ಅಂದಿನವರೆಗೆ ಜಗತ್ತಿನಲ್ಲೇ ಇರಲಿಲ್ಲ. ಟೈಸನ್ ಗೇ, ಯೊಹಾನ್ ಬ್ಲೇಕ್ ಅವರ ಜೀವಮಾನದ ಶ್ರೇಷ್ಠ ಸಮಯವೇ 9.69. ಹಾಗಾದರೆ ಭಾರತದಲ್ಲಿ ಒಮ್ಮೆಲೇ ನಾಲ್ವರು ಬೋಲ್ಟ್‌ಗಳು ಹುಟ್ಟಿದರೇ? ಇಲ್ಲ. ಅದಕ್ಕೆ ಒಂದು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಗುರಿಂದರ್‌ವೀರ್ 10.20ರಲ್ಲಿ ಗೆದ್ದು 100 ಮೀಟರಿನ ರಾಷ್ಟ್ರೀಯ ದಾಖಲೆ ಬರೆದಿದ್ದರು, ಮಣಿಕಂಠ 10.22ರಲ್ಲಿ ಅವರ ಬೆನ್ನಿಗೇ ಇದ್ದರು. ರಿಲೆಯಲ್ಲಿ ನಿಂತಲ್ಲಿಂದ ಹೊರಡುವವನು ಮೊದಲನೆಯವನು ಮಾತ್ರ, ಉಳಿದ ಮೂವರು ಬ್ಯಾಟನ್ ಕೈಗೆ ಬರುವಷ್ಟರಲ್ಲಿ ಓಟದ ಭರದಲ್ಲಿರುತ್ತಾರೆ. ಅದಕ್ಕೇ 9.67 ಎಂಬುದು ಯಾವ ಓಟಗಾರನ ಸಮಯವೂ ಅಲ್ಲ. ನಮ್ಮ ನಾಲ್ವರು ನಿಜವಾಗಿ ಸಂಪಾದಿಸಿದ್ದು 38.69ನ್ನು, ಮತ್ತು ಹೆಮ್ಮೆ ಪಡಲು ಅದು ಧಾರಾಳವಾಗಿ ಸಾಕು.

ಇದು ಕನ್ನಡ ನಾಡಿನಲ್ಲಿ ಮಾತ್ರ ಆಗುವ ತಪ್ಪೇನಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕೆನಡಾದ ಡೊನೊವನ್ ಬೇಲಿ 9.84ರಲ್ಲಿ 100 ಮೀಟರ್ ಗೆದ್ದು ವಿಶ್ವದಾಖಲೆ ಮಾಡಿದರು. ಕೆಲವೇ ದಿನಗಳ ಮೇಲೆ ಅಮೆರಿಕದ ಮೈಕೆಲ್ ಜಾನ್ಸನ್ 200 ಮೀಟರನ್ನು 19.32ರಲ್ಲಿ ಮುಗಿಸಿದರು. ಅದರ ಅರ್ಧ 9.66, ಆದ್ದರಿಂದ ಜಗತ್ತಿನ ಅತಿ ವೇಗದ ಮನುಷ್ಯ ಜಾನ್ಸನ್ನೇ ಎಂದು ಅಮೆರಿಕನ್ನರು ವಾದಿಸಿದರು. ಎಷ್ಟು ವಾದಿಸಿದರೂ ಅದು ತೀರ್ಮಾನವಾಗಲಿಲ್ಲ. ಕೊನೆಗೆ 1997ರ ಜೂನ್ 1ರಂದು ಟೊರಾಂಟೊದಲ್ಲಿ ಇಬ್ಬರನ್ನೂ ಒಂದೇ 150 ಮೀಟರ್ ಓಟದಲ್ಲಿ ನಿಲ್ಲಿಸಿದರು. ಹಿಂದೆ ಬಿದ್ದ ಜಾನ್ಸನ್ ತೊಡೆ ಹಿಡಿದುಕೊಂಡು ಅರ್ಧಕ್ಕೆ ನಿಂತರು, ಬೇಲಿ 14.99ರಲ್ಲಿ ಗುರಿ ಮುಟ್ಟಿದರು. ಆ ಒಂದು ಓಟದಿಂದ ಜಾನ್ಸನ್ನರ ಹಿರಿಮೆ ಕುಂದಲಿಲ್ಲ. ಆದರೆ ಕಾಗದದ ಮೇಲೆ ಮುಂದಿದ್ದವರು ಪಕ್ಕದಲ್ಲಿ ಎದುರಾಳಿ ಇದ್ದಾಗಲೂ ಮುಂದಿರುತ್ತಾರೆ ಎಂದು ಹೇಳುವಂತಿಲ್ಲ ಎಂಬುದು ಅಂದು ಎಲ್ಲರ ಕಣ್ಣೆದುರೇ ತೀರ್ಮಾನವಾಯಿತು. ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್‌ಗಳು ಇರುವುದೇ ಇದಕ್ಕೆ. ಎಂಟು ಜನ, ಒಂದೇ ನೆಲ, ಒಂದೇ ಸದ್ದು, ಒಂದೇ ಗಾಳಿ. 2011ರ ಡೇಗು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೋಲ್ಟ್ ಸದ್ದಿಗೆ ಮೊದಲೇ ಎದ್ದು ಹೊರಗೆ ಹೋದರು, ಬ್ಲೇಕ್ 9.92ರಲ್ಲಿ ಚಾಂಪಿಯನ್ ಆದರು. ಜೇಬಿನಲ್ಲಿ 9.58 ಇದ್ದರೂ ಆ ದಿನ ಬೋಲ್ಟ್‌ಗೆ ಅದು ಒದಗಲಿಲ್ಲ.

ಇಲ್ಲಿ ಕರಾವಳಿಯ ಗೆಳೆಯರು ಎತ್ತುವ ಆಕ್ಷೇಪ ಗಟ್ಟಿಯಾದದ್ದು. ಬೋಲ್ಟ್ ಓಡಿದ್ದು ಸಿಂಥೆಟಿಕ್ ಟ್ರ್ಯಾಕಿನ ಮೇಲೆ, ಮುಳ್ಳಿನ ಷೂ ತೊಟ್ಟು; ಗೌಡರು ಓಡಿದ್ದು ಕೆಸರಿನಲ್ಲಿ, ಬರಿಗಾಲಲ್ಲಿ. ಕೆಸರಿನಲ್ಲೇ ಅಷ್ಟು ವೇಗವಾದರೆ ಟ್ರ್ಯಾಕಿನಲ್ಲಿ ಇನ್ನೆಷ್ಟು? ಕೇಳಿದೊಡನೆ ಸರಿಯೆನ್ನಿಸುವ ಮಾತು. ಆದರೆ ಅದರಲ್ಲಿ ಕೋಣಗಳೇ ಇಲ್ಲ. ಟ್ರ್ಯಾಕಿನ ಓಟಗಾರನನ್ನು ಮುಂದಕ್ಕೆ ತಳ್ಳುವುದು ಗಟ್ಟಿ ನೆಲಕ್ಕೆ ಅವನ ಪಾದ ಕೊಡುವ ಒದೆತ. ಕೆಸರು ಆ ಒದೆತವನ್ನು ಹೀರಿಕೊಳ್ಳುತ್ತದೆ. ಕಂಬಳದಲ್ಲಿ ವೇಗ ಹುಟ್ಟುವುದು ಮುಖ್ಯವಾಗಿ ಮುಂದಿರುವ ಎರಡು ಕೋಣಗಳಿಂದ. ಹಗ್ಗ ಅಥವಾ ನೇಗಿಲಿನ ಮೂಲಕ ಅದು ಓಡಿಸುವವನಿಗೆ ದಾಟುತ್ತದೆ. ಆತನ ವಿದ್ಯೆ ಬೇರೆಯದೇ: ಕೋಣಗಳ ವೇಗಕ್ಕೆ ಹೆಜ್ಜೆ ಕೂಡಿಸಬೇಕು, ಜಾರುವ ನೆಲದಲ್ಲಿ ಮುಗ್ಗರಿಸಬಾರದು, ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಯ ತನಕ ಹಿಡಿತ ಬಿಡಬಾರದು, ಎರಡು ಪ್ರಾಣಿಗಳ ಭರ ಒಂದೇ ಗೆರೆಯಲ್ಲಿ ಹೋಗುವಂತೆ ನೋಡಿಕೊಳ್ಳಬೇಕು. ಬೋಲ್ಟ್‌ಗೆ ಇದರಲ್ಲಿ ಒಂದೂ ಬರುವುದಿಲ್ಲ. ಅಥ್ಲೆಟಿಕ್ಸ್‌ನಲ್ಲಿ ಬೆನ್ನಿನ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ಸಾಕು, ದಾಖಲೆ ಬಿದ್ದುಹೋಗುತ್ತದೆ. 1964ರ ಟೋಕಿಯೊ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಬಾಬ್ ಹೇಯ್ಸ್ 9.91ರಲ್ಲಿ ಓಡಿದರೂ ಗಾಳಿ 5 ಮೀಟರ್ ಮೀರಿದ್ದರಿಂದ ಅದು ದಾಖಲೆಯಾಗಲಿಲ್ಲ. ಗಾಳಿಯ ನೆರವನ್ನೇ ಇಷ್ಟು ಕಟ್ಟುನಿಟ್ಟಾಗಿ ಕಳೆಯುವ ಪಟ್ಟಿಗೆ ಕೋಣಗಳ ಎಳೆತವಿದ್ದ ಸಮಯವನ್ನು ಸೇರಿಸಲಾಗದು. ಹಾಗೆಂದು ಕಂಬಳದವರ ಲೆಕ್ಕ ತಪ್ಪಲ್ಲ. ಐಕಳದ ಕರೆ 142.5 ಮೀಟರ್, ವೇಣೂರಿನದು 143. ಊರೂರಿಗೆ ಉದ್ದ ಬೇರೆಯಾದಾಗ ಕರೆಗಳನ್ನು ತಮ್ಮತಮ್ಮಲ್ಲಿ ಹೋಲಿಸಲು 100 ಮೀಟರಿಗೆ ಇಳಿಸುವುದು ಒಂದು ಅನುಕೂಲ. ಅದನ್ನು ಕಂಬಳದಿಂದ ಎತ್ತಿ ಬರ್ಲಿನ್ನಿಗೆ ಒಯ್ದವರದು ತಪ್ಪು. ಗೌಡರಿಗೆ ಇದು ಚೆನ್ನಾಗಿಯೇ ತಿಳಿದಿತ್ತು. ಅವರು ಬೋಲ್ಟ್ ಹೋಲಿಕೆಯನ್ನು ಒಪ್ಪಲಿಲ್ಲ, ಟ್ರಯಲ್ಸ್‌ಗೂ ಹೋಗಲಿಲ್ಲ. ತಾನು ಯಾವ ಆಟದ ಒಡೆಯ ಎಂದು ಬಲ್ಲವನ ನಿರ್ಧಾರ ಅದು, ಹಿಂಜರಿಕೆ ಅಲ್ಲ.

ಟ್ರಯಲ್ಸ್‌ಗೆ ಹೋಗಿದ್ದರೆ ಒಂದು ಅವಕಾಶವಾದರೂ ಇರುತ್ತಿತ್ತಲ್ಲ ಎನ್ನುವವರೂ ಇದ್ದಾರೆ. ಆಗ ಗೌಡರ ವಯಸ್ಸು 28. ಬೋಲ್ಟ್ 2002ರಲ್ಲಿ ತಮ್ಮ ತವರುದೇಶ ಜಮೈಕಾದ ಕಿಂಗ್ಸ್‌ಟನ್‌ನಲ್ಲಿ 200 ಮೀಟರಿನ ವಿಶ್ವ ಜೂನಿಯರ್ ಚಾಂಪಿಯನ್ ಆದಾಗ 15 ವರ್ಷದ ಶಾಲಾ ಹುಡುಗ. ಆರಂಭದ ಒದೆತ, ಹೆಜ್ಜೆಯ ಲಯ, ಕೊನೆಯ 30 ಮೀಟರಿನಲ್ಲಿ ಬಿಗಿಯದೆ ಓಡುವ ಅಭ್ಯಾಸ ಇವೆಲ್ಲ ಮೈಗೂಡುವುದು ಆ ವಯಸ್ಸಿನಲ್ಲಿ, ವರ್ಷಗಟ್ಟಲೆ ತಿದ್ದಿದ ಮೇಲೆ. ಆದ್ದರಿಂದ ಹಳ್ಳಿಯಲ್ಲಿ ವೇಗವಿದೆಯೇ ಎಂದು ಹುಡುಕುವವರು ನೋಡಬೇಕಾದದ್ದು ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟವನ್ನು. ಶೀಳನೆರೆ, ಕಿಕ್ಕೇರಿ, ಬೂಕನಕೆರೆಯ ಮಕ್ಕಳು ಅಲ್ಲಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲೇರಬೇಕು. ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ 1964ರ ಟೋಕಿಯೊದಲ್ಲಿ ಸೆಮಿಫೈನಲ್ ತಲುಪಿದ ಭಾರತದ ರಿಲೆ ತಂಡದಲ್ಲಿದ್ದರು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ರಿಲೆಯಲ್ಲಿ ಕಂಚು ಗೆದ್ದರು. ಕರ್ನಾಟಕದ ಮಣ್ಣಿಗೆ ಸ್ಪ್ರಿಂಟ್ ಹೊಸದಲ್ಲ ಎನ್ನಲು ಪೊವೆಲ್‌ರಿಂದ ಮಣಿಕಂಠರ ತನಕದ ಸಾಲು ಸಾಕು.

ಈ ಮೆಟ್ಟಿಲಿನ ಮೊದಲ ಹಂತದಲ್ಲೇ ಷರತ್ತಿಲ್ಲದ ಅಂಕಿಯ ಕಾಟ ಶುರುವಾಗುತ್ತದೆ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ಮಣ್ಣಿನ ಮೈದಾನ. ಒಂದು ತುದಿಯಲ್ಲಿ ಸೀಟಿ, ಇನ್ನೊಂದು ತುದಿಯಲ್ಲಿ ಸ್ಟಾಪ್‌ವಾಚ್ ಹಿಡಿದ ಮೇಷ್ಟ್ರು. ಸೀಟಿಯ ಸದ್ದು 100 ಮೀಟರ್ ದಾಟಿ ಅವರ ಕಿವಿ ಮುಟ್ಟಲು 0.29 ಸೆಕೆಂಡ್ ಬೇಕು. ಹುಡುಗ ಆಗಲೇ ಹೊರಟಿರುತ್ತಾನೆ, ಗಡಿಯಾರ ಇನ್ನೂ ಹೊರಟಿರುವುದಿಲ್ಲ. ಕೈಯಿಂದ ಒತ್ತಿದ ಗಡಿಯಾರದ ಸಮಯವನ್ನು ವಿದ್ಯುನ್ಮಾನ ಸಮಯಕ್ಕೆ ಹೋಲಿಸುವಾಗ 100 ಮೀಟರಿಗೆ 0.24 ಸೆಕೆಂಡ್ ಕೂಡಿಸುವುದು ವಾಡಿಕೆ. ಅದು ಕೂಡ ಪಿಸ್ತೂಲಿನ ಹೊಗೆ ಅಥವಾ ಬೆಳಕು ನೋಡಿ ಗುಂಡಿ ಒತ್ತಿದಾಗಿನ ಲೆಕ್ಕ. ಎರಡೂ ಸೇರಿದರೆ ಅರ್ಧ ಸೆಕೆಂಡಿಗೂ ಹೆಚ್ಚು, ಅಂದರೆ ಶಾಲಾ ಓಟಗಾರನಿಗೆ ನಾಲ್ಕು ಮೀಟರಿನಷ್ಟು ದೂರ. ಇದರ ಮೇಲೆ ಆಷಾಢದ ಗಾಳಿ ಬೆನ್ನಿಗೆ ಬೀಸುತ್ತಿದ್ದರಂತೂ ಕೇಳುವುದೇ ಬೇಡ. ಪುಸ್ತಕದಲ್ಲಿ 11.2 ಎಂದು ಬರೆಸಿಕೊಂಡ ಹುಡುಗ ವಿದ್ಯುನ್ಮಾನ ಗಡಿಯಾರವಿರುವ ಕೂಟಕ್ಕೆ ಹೋದಾಗ 11.8 ಕಾಣುತ್ತಾನೆ. ತಾನು ಹಿಂದೆ ಬಿದ್ದೆ ಎಂದುಕೊಳ್ಳುತ್ತಾನೆ, ಮನೆಯವರೂ ಹಾಗೇ ಅಂದುಕೊಳ್ಳುತ್ತಾರೆ, ಓಟ ಅಲ್ಲಿಗೆ ನಿಲ್ಲುತ್ತದೆ. ಅವನು ಹಿಂದೆ ಬಿದ್ದಿರುವುದೇ ಇಲ್ಲ. ಮೊದಲ ಅಂಕಿಯೇ ಅವನದಾಗಿರಲಿಲ್ಲ.

ಇಷ್ಟು ಸೂಕ್ಷ್ಮ ನೋಡಿದರೆ ಹಳ್ಳಿ ಮಕ್ಕಳ ಹುರುಪು ತಣ್ಣಗಾಗುತ್ತದೆ ಎಂಬುದು ಕೊನೆಯ ಆಕ್ಷೇಪ. ನಾನು ಒಪ್ಪುವುದಿಲ್ಲ. ಮಗುವಿಗೆ ಅದರ ನಿಜವಾದ ಸಮಯ ಹೇಳುವುದು ಅದನ್ನು ಓಟಗಾರನೆಂದು ಗಂಭೀರವಾಗಿ ಪರಿಗಣಿಸುವುದರ ಮೊದಲ ಗುರುತು. 11.8ರ ಹುಡುಗ ಮುಂದಿನ ವರ್ಷ 11.5 ಓಡಿದರೆ ಆ ಪ್ರಗತಿ ಅವನ ದುಡಿಮೆಯ ಫಲ, ಸುಳ್ಳು 11.2ರಿಂದ ಶುರು ಮಾಡಿದವನಿಗೆ ಅದೇ 11.5 ಸೋಲಾಗಿ ಕಾಣುತ್ತದೆ. ಇದನ್ನು ಸರಿಪಡಿಸಲು ಕೋಟಿಗಟ್ಟಲೆ ಹಣ ಬೇಡ. ಸೀಟಿಯ ಜೊತೆಗೆ ದೂರಕ್ಕೆ ಕಾಣುವ ಬಾವುಟ ಬೀಳಲಿ, ಮೇಷ್ಟ್ರು ಕಣ್ಣಿನಿಂದ ಗಡಿಯಾರ ಒತ್ತಲಿ. ಆರಂಭವೂ ಅಂತಿಮ ಗೆರೆಯೂ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ಹಿಡಿದು ಸಮಯವನ್ನು ತಾಳೆ ನೋಡಲಿ. ಒಂದು ಗಳುವಿಗೆ ಬಟ್ಟೆ ಕಟ್ಟಿ ಗಾಳಿಯ ದಿಕ್ಕನ್ನು ಫಲಿತಾಂಶದ ಪಕ್ಕ ಬರೆಯಲಿ. ಹೋಬಳಿಗೆ ಒಂದು ಜೊತೆ ಸ್ಟಾರ್ಟಿಂಗ್ ಬ್ಲಾಕ್ ಬರಲಿ, ಮಕ್ಕಳು ಅದರಿಂದ ಏಳುವುದನ್ನು ಹತ್ತನೇ ತರಗತಿಗೆ ಮೊದಲೇ ಕಲಿಯಲಿ. ಎಲ್ಲಕ್ಕಿಂತ ಮೇಲಾಗಿ, ಹೋಬಳಿಯಲ್ಲಿ ಗೆದ್ದವರಿಗೆ ವರ್ಷಕ್ಕೊಮ್ಮೆಯಾದರೂ ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಂಥ ಕಡೆ ಸಿಂಥೆಟಿಕ್ ಟ್ರ್ಯಾಕಿನ ಮೇಲೆ ಬೇರೆ ತಾಲ್ಲೂಕುಗಳ ವೇಗಿಗಳ ಜೊತೆ ಓಡಿಸುವ ಏರ್ಪಾಡಾಗಲಿ. ಕಂಬಳದ ಗೌಡರನ್ನು ಕಂಬಳದ ವೀರನೆಂದೇ ಗೌರವಿಸೋಣ, ಅವರಿಗೆ ಬೋಲ್ಟ್ ಹೆಸರಿನ ಸಾಲ ಬೇಕಿಲ್ಲ. ನೂರು ಮೀಟರಿನಲ್ಲಿ ಕರ್ನಾಟಕದ ಹುಡುಗನೊಬ್ಬ ವಿಶ್ವ ಚಾಂಪಿಯನ್‌ಷಿಪ್‌ನ ಗೆರೆಯಲ್ಲಿ ನಿಲ್ಲಬೇಕೆಂಬ ಆಸೆ ನಮಗಿದ್ದರೆ, ಅವನಿಗೆ ಇವತ್ತು ಬೇಕಾಗಿರುವುದು ಸರಿಯಾಗಿ ಅಳೆದ ನೂರು ಮೀಟರ್, ಸರಿಯಾಗಿ ಒತ್ತಿದ ಗಡಿಯಾರ ಮತ್ತು ಪಕ್ಕದ ಲೇನಿನಲ್ಲಿ ಅವನಿಗಿಂತ ಚೂರು ವೇಗದ ಇನ್ನೊಬ್ಬ ಹುಡುಗ.