ಪಟ್ಟಿ ಬರೆದವನ ಪರವಾಗಿ

ಹತ್ತೊಂಬತ್ತನೇ ಶತಮಾನದ ಜರ್ಮನ್ ಯಹೂದಿ ವಿದ್ವಾಂಸರ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಯಹೂದಿ ಅನುಭಾವದ ಸಂಶೋಧಕ ಗೆರ್ಶೊಮ್ ಶೋಲೆಮ್‌ನ ತೀರ್ಪನ್ನು ಗಿಳಿಪಾಠ ಒಪ್ಪಿಸುತ್ತಾರೆ: ಅವರೆಲ್ಲ ಗೋರಿ ತೋಡಿದವರು, ಉಸಿರಾಡುತ್ತಿದ್ದ ಪರಂಪರೆಯನ್ನು ಅಡಿಟಿಪ್ಪಣಿಯಲ್ಲಿ ಹೂತವರು. ಮೊನ್ನೆ ಒಂದು ವಿಚಾರಸಂಕಿರಣದಲ್ಲಿ ಮತ್ತೆ ಇದನ್ನೇ ಕೇಳಿ ಊಟಕ್ಕೂ ನಿಲ್ಲದೆ ಎದ್ದು ಬಂದೆ. ಹೇಳಿದವರು ಆ ವಿದ್ವಾಂಸರಲ್ಲೊಬ್ಬನಾದ ಸ್ಟೈನ್‌ಶ್ನೈಡರನ ಒಂದು ಪುಟವನ್ನಾದರೂ ತಿರುವಿದ್ದರೆ ಸುಮ್ಮನಿರುತ್ತಿದ್ದೆನೇನೋ.

ಈ ತೀರ್ಪಿನ ಬೇರು ಇರುವುದು ಬಾಯಿಮಾತೊಂದರಲ್ಲಿ. ಮೊರಿಟ್ಸ್ ಸ್ಟೈನ್‌ಶ್ನೈಡರ್ ತೊಂಬತ್ತು ತುಂಬಿಸಿ 1907ರಲ್ಲಿ ತೀರಿಕೊಂಡಾಗ ಶಿಷ್ಯ ಗಾಟ್‌ಹೋಲ್ಡ್ ವೈಲ್ ಒಂದು ನುಡಿನಮನ ಬರೆದ. ಯಹೂದಿ ಪರಂಪರೆಯಲ್ಲಿ ಅಳಿದುಳಿದದ್ದಕ್ಕೆ ಮರ್ಯಾದೆಯ ಅಂತ್ಯಸಂಸ್ಕಾರ ಮಾಡುವುದಷ್ಟೇ ನಮ್ಮ ಪಾಲಿನ ಕೆಲಸ ಎಂಬರ್ಥದ ಮಾತನ್ನು ಗುರುಗಳು ಆಡಿದ್ದರೆಂದು ಅದರಲ್ಲಿ ಬಂತು. ಮುದುಕನ ಬೇಸರವೋ ಕುಹಕವೋ, ಯಾರು ಬಲ್ಲರು? ಅಂಥ ಮಾತಿನ ಬಲದ ಮೇಲೆ ಶೋಲೆಮ್ ಈ ವಿದ್ವಾಂಸರ ಇಡೀ ಪಂಥವನ್ನೇ ಕಟಕಟೆಗೆ ಹತ್ತಿಸಿದ. ಅದು 1944. ಆ ಪಂಥದವರು 1872ರಲ್ಲಿ ಬರ್ಲಿನ್ನಿನಲ್ಲಿ ತೆರೆದ ವಿದ್ಯಾಶಾಲೆಗೆ ನಾಜಿಗಳು ಬೀಗ ಜಡಿದು ಎರಡು ವರ್ಷವಾಗಿತ್ತು. ಗೋರಿ ತೋಡುತ್ತಿದ್ದವರು ಯಾರೆಂದು ಆಗ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ವಿಶ್ವವಿದ್ಯಾಲಯಗಳು ಈ ವಿದ್ವಾಂಸರನ್ನು ಹೇಗೆ ನಡೆಸಿಕೊಂಡವು ಎಂಬುದನ್ನು ಮರೆತು ಇವರನ್ನು ಅಳೆಯುವುದು ಅನ್ಯಾಯ. ಇವರಲ್ಲೊಬ್ಬನಾದ ಎಡ್ವರ್ಡ್ ಗಾನ್ಸ್ 1825ರಲ್ಲಿ ಕ್ರೈಸ್ತನಾದ ಮೇಲೆಯೇ ಬರ್ಲಿನ್ನಿನ ಪ್ರಾಧ್ಯಾಪಕ ಪೀಠ ಅವನ ಕೈಗೆ ಎಟುಕಿದ್ದು. ಯಹೂದಿ ಚರಿತ್ರೆಗೂ ಸಾಹಿತ್ಯಕ್ಕೂ ಒಂದು ಪೀಠ ಕೊಡಿ ಎಂದು ಇವರಲ್ಲೇ ಇನ್ನೊಬ್ಬನಾದ ಲಿಯೋಪೋಲ್ಡ್ ತ್ಸುನ್ಸ್ 1848ರಲ್ಲಿ ಕೇಳಿದ. ಬಂದ ಉತ್ತರ 'ಇಲ್ಲ'. ಉಳಿದ ದಾರಿ ರಬ್ಬಿಗಳನ್ನು ತಯಾರಿಸುವ ಪಾಠಶಾಲೆ. 1854ರಲ್ಲಿ ಬ್ರೆಸ್ಲಾವಿನಲ್ಲಿ ಅಂಥದೊಂದು ಶುರುವಾಯಿತು, ಚರಿತ್ರೆಕಾರ ಗ್ರೆಟ್ಸ್ ಅಲ್ಲಿ ಪಾಠಕ್ಕೆ ನಿಂತ. ಸ್ಟೈನ್‌ಶ್ನೈಡರನಿಗೆ ಅದು ಒಗ್ಗಲಿಲ್ಲ. ಈ ವಿದ್ಯೆಗೆ ವಿಶ್ವವಿದ್ಯಾಲಯವೇ ಸರಿಯಾದ ಮನೆ, ಪುರೋಹಿತರನ್ನು ತಯಾರಿಸುವ ಕಡೆ ಅದು ಗುಲಾಮಗಿರಿ ಮಾಡಬೇಕಾಗುತ್ತದೆ ಎಂಬುದು ಅವನ ಹಟ. ಹೊಟ್ಟೆಪಾಡಿಗೆ 1869ರಿಂದ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬರ್ಲಿನ್ನಿನ ಯಹೂದಿ ಹೆಣ್ಣುಮಕ್ಕಳ ಶಾಲೆಯ ಮುಖ್ಯಸ್ಥನಾಗಿದ್ದ.

ಆ ಶಾಲೆಮೇಷ್ಟರ ಕೆಲಸ ನೋಡಿ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದ ಹೀಬ್ರೂ ಪುಸ್ತಕಗಳಿಗೆ 1852ರಿಂದ 1860ರವರೆಗೆ ಲ್ಯಾಟಿನ್ನಿನಲ್ಲಿ ಸೂಚಿ. ಜೊತೆಗೆ ಲೈಡನ್, ಮ್ಯೂನಿಕ್, ಹ್ಯಾಂಬರ್ಗ್, ಬರ್ಲಿನ್ನಿನ ಹಸ್ತಪ್ರತಿಗಳಿಗೆ. 1893ರಲ್ಲಿ ಮಧ್ಯಯುಗದ ಹೀಬ್ರೂ ಅನುವಾದಗಳ ಮೇಲೆ ಸಾವಿರ ಪುಟ ಮೀರಿದ ಗ್ರಂಥ. ಪ್ಲೇಟೋನ 'ರಿಪಬ್ಲಿಕ್'ಗೆ ಇಬ್ನ್ ರುಶ್ದ್ ಬರೆದ ವ್ಯಾಖ್ಯಾನದ ಅರಬ್ಬೀ ಮೂಲ ಕಳೆದುಹೋಗಿದೆ, ಹೀಬ್ರೂ ಅನುವಾದ ಉಳಿದಿದೆ. ಗ್ರೀಕನ ಮಾತು, ಮುಸಲ್ಮಾನನ ವ್ಯಾಖ್ಯಾನ, ಯಹೂದಿಯ ಕೈಬರಹ: ಇಂಥ ಕೊಡುಕೊಳೆಯ ನೂರಾರು ಜಾಡುಗಳು ಆ ಪುಸ್ತಕದಲ್ಲಿವೆ. ಇದು ಹೂಳುವ ಕೆಲಸವೇ?

ಒಂದು ಮಾತು ಶೋಲೆಮ್‌ಗೆ ಬಿಟ್ಟುಕೊಡುತ್ತೇನೆ, ಒಂದೇ ಒಂದು. ಕಬ್ಬಾಲ ಎಂಬ ಯಹೂದಿ ಅನುಭಾವವೆಂದರೆ ಈ ವಿದ್ವಾಂಸರಿಗೆ ನಾಚಿಕೆ. ನೆಂಟರು ಬಂದಾಗ ಮರುಳು ಅಜ್ಜಿಯನ್ನು ಒಳಕೋಣೆಗೆ ಕಳಿಸುವವರ ಹಾಗೆ ಇವರು ಅದನ್ನು ಮರೆಮಾಡಿದರು. ಗ್ರೆಟ್ಸ್ ಅಂತೂ ಸಿಡಿಮಿಡಿಗೊಂಡ. (ಗ್ರೆಟ್ಸನ ಹನ್ನೊಂದು ಸಂಪುಟಗಳ ಯಹೂದಿ ಚರಿತ್ರೆಯ ಬಗ್ಗೆ ನನಗೆ ಸಹನೆಯಿಲ್ಲ, ಹಿಂಡಿದರೆ ಕಣ್ಣೀರು ಬರುತ್ತದೆ.) ಆದರೆ ಕಬ್ಬಾಲದ ಹಸ್ತಪ್ರತಿಗಳನ್ನು ಹುಡುಕಿಕೊಂಡು ಯುವಕ ಶೋಲೆಮ್ ಹೋದದ್ದು ಮ್ಯೂನಿಕ್‌ಗೆ. ಅಲ್ಲಿನ ಕಪಾಟುಗಳಲ್ಲಿ ಏನಿದೆಯೆಂದು 1875ರಲ್ಲೇ ಪಟ್ಟಿ ಮಾಡಿಟ್ಟಿದ್ದವನು ಯಾರು? ಜೆರುಸಲೇಮಿನಲ್ಲಿ ಶೋಲೆಮ್‌ಗೆ ಮೊದಲು ಸಿಕ್ಕಿದ್ದೂ ಗ್ರಂಥಾಲಯದ ಕೆಲಸ. 1927ರಲ್ಲಿ ಅಚ್ಚಾದ ಅವನ ಕಬ್ಬಾಲ ಗ್ರಂಥಸೂಚಿಯೂ ಪಟ್ಟಿಯೇ.

ಪಟ್ಟಿ ಬರೆಯುವವರನ್ನು ಹೀಗಳೆಯುವ ಈ ಚಾಳಿ ನಮಗೂ ಇದೆ. 'ಬರೀ ಸಂಶೋಧಕ' ಎಂದರೆ ಕನ್ನಡ ವಿಮರ್ಶೆಯಲ್ಲಿ ಬೈಗುಳ. 'ಒಳನೋಟ' ಎಂಬ ಪದ ಬಿದ್ದ ಕೂಡಲೇ ಸಭೆ ತಲೆದೂಗುತ್ತದೆ. ಪಾಠಾಂತರ ಎಂದರೆ ಆಕಳಿಕೆ.

ಆ ಆಕಳಿಕೆಯ ಕೆಲಸ ಏನು ಕೊಟ್ಟೀತೆಂದು ನೋಡಿ. ಶೋಲೆಮ್ 1923ರಲ್ಲಿ ಪ್ಯಾಲೆಸ್ಟೈನಿಗೆ ಹೊರಟಾಗ ಜೊತೆಗಿದ್ದವನು ಎಸ್. ಡಿ. ಗೊಯ್ಟೈನ್. ದರ್ಶನದ ಗೊಡವೆಗೆ ಹೋಗದೆ ಆತ ಕೈರೋದ ಗೆನಿಜಾದ ಚಿಂದಿಗಳನ್ನು ದಶಕಗಟ್ಟಲೆ ಬಿಡಿಸಿದ. ಗೆನಿಜಾ ಎಂದರೆ ಸವೆದ ಕಾಗದಗಳ ಕೋಣೆ. ದೇವರ ಹೆಸರಿರಬಹುದಾದ ಬರಹವನ್ನು ಎಸೆಯುವಂತಿಲ್ಲ, ಕೂಡಿಟ್ಟು ಕೊನೆಗೆ ಮರ್ಯಾದೆಯಿಂದ ಮಣ್ಣು ಮಾಡಬೇಕು. ಹೂಳುವುದು ಆ ಪರಂಪರೆಯಲ್ಲಿ ಗೌರವ. ಶೋಲೆಮ್‌ಗೆ ಇದು ತಿಳಿಯದ್ದೇನಲ್ಲ. ಕೈರೋದವರು ಹೂಳಲು ಮರೆತ ಆ ಚೀಟಿಗಳಲ್ಲಿ ಹನ್ನೆರಡನೇ ಶತಮಾನದ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಸಿಕ್ಕಿದ. ಮಂಗಳೂರಿನಲ್ಲಿ ನೆಲೆಸಿ, ಈ ಕರಾವಳಿಯಲ್ಲಿ ಹಿತ್ತಾಳೆ-ಕಂಚಿನ ಪಾತ್ರೆ ಮಾಡಿಸುತ್ತಿದ್ದವನು. ಅವನ ಸರಕಿನೊಡನೆ ಏಡನ್‌ಗೆ ಹೋಗಿಬರುತ್ತಿದ್ದ ತುಳುನಾಡಿನ ಆಳೊಬ್ಬನೂ ಸಿಕ್ಕಿದ. ಹೆಸರು ಬರೆದದ್ದು ಸ್ವರಚಿಹ್ನೆಯಿಲ್ಲದ ಹೀಬ್ರೂ ಅಕ್ಷರಗಳಲ್ಲಿ. ಅದನ್ನು ಹೇಗೆ ಉಚ್ಚರಿಸಬೇಕೆಂದು ತಿಳಿಯಲು ಕಾದಂಬರಿಕಾರ ಅಮಿತಾವ್ ಘೋಷ್ ಮಂಗಳೂರಿಗೇ ಬಂದು ಜಾನಪದ ವಿದ್ವಾಂಸ ವಿವೇಕ ರೈ ಅವರನ್ನು ಕೇಳಬೇಕಾಯಿತು: ಬೊಮ್ಮ.