ಗುಡಿಸಲಿನ ಫೋಟೊ, ಟ್ಯಾಂಕಿನ ಸೊಳ್ಳೆ

ಜಾಗತಿಕ ಆರೋಗ್ಯದ ಆನ್‌ಲೈನ್ ಕೋರ್ಸುಗಳಲ್ಲಿ ನಾನು ಕಂಡ ಮಲೇರಿಯಾ ಅಂದ್ರೆ ಒಂದು ಜೌಗು, ಪಕ್ಕದಲ್ಲೊಂದು ಹುಲ್ಲಿನ ಗುಡಿಸಲು. ಮಂಗಳೂರಲ್ಲಿ ಕೂತು ನೋಡುವವನಿಗೆ ಇದು ತಮಾಷೆ. ಇಲ್ಲಿ ಮಲೇರಿಯಾ ಕಾಡಿದ್ದು ಪೇಟೆ ನಡುವೆಯೇ, ಕಟ್ಟುತ್ತಿರುವ ಫ್ಲ್ಯಾಟುಗಳಲ್ಲಿ ನಿಂತ ನೀರಿನಿಂದ, ಮುಚ್ಚಳವಿಲ್ಲದ ಟ್ಯಾಂಕುಗಳಿಂದ. ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆಗೆ ಬೇಕಾದ್ದು ಅಷ್ಟೇ. 2012ರಲ್ಲಿ ಇದೇ ಸೊಳ್ಳೆ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡಿತು. ಹಾಗಾದರೆ ಪಾಠ ಇಲ್ಲಿಂದ ಅಲ್ಲಿಗೆ ಹೋಗಬೇಕಲ್ವ?

ನೆಟ್‌ವರ್ಕ್ ಸಾಲಲ್ಲ ಅನ್ನೋ ದೂರು ನಿಜವೇ (ಮಳೆಗಾಲದಲ್ಲಿ ನಮ್ಮೂರಲ್ಲಿ ಕರೆಂಟೇ ಇರಲ್ಲ). ಅದು ನಮ್ಮಂಥ ಇಂಜಿನಿಯರುಗಳ ಕೆಲಸ. ವಿಡಿಯೊ ಚಿಕ್ಕದು ಮಾಡಿ, ಆಡಿಯೊ ಡೌನ್‌ಲೋಡಿಗೆ ಕೊಟ್ಟರೆ ಅರ್ಧ ಮುಗೀತು. ಕಷ್ಟ ಇರೋದು ಯಾರು ಮಾತಾಡಬೇಕು ಅನ್ನೋದರಲ್ಲಿ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ ಶುರು ಮಾಡಿದ 'ಎಕೋ' ಪದ್ಧತಿಯಲ್ಲಿ ದೂರದೂರಿನ ವೈದ್ಯರೇ ತಮ್ಮ ಕೇಸು ಮುಂದಿಡುತ್ತಾರೆ, ತಜ್ಞರು ಅದರ ಮೇಲೆ ಚರ್ಚಿಸುತ್ತಾರೆ. ನಮ್ಮ ನಿಮ್ಹಾನ್ಸ್ ಮಾನಸಿಕ ಆರೋಗ್ಯದ ತರಬೇತಿಗೆ ಇದನ್ನೇ ಬಳಸಿತು. ಭಾಷಣಕ್ಕಿಂತ ಎಷ್ಟೋ ವಾಸಿ.

ಆದರೂ ಅಲ್ಲಿ ಕೇಸು ಅಂದ್ರೆ ರೋಗಿ. ಮಂಗಳೂರಿನ ಕೇಸು ಟ್ಯಾಂಕು. ಅದರೊಳಗೆ ಇಣುಕುವ ಮಲೇರಿಯಾ ಕಾರ್ಯಕರ್ತರು ಓನರ್ ಹತ್ರ ತುಳುವಿನಲ್ಲಿ, ಹೊರರಾಜ್ಯದ ಕೂಲಿಯವರ ಹತ್ರ ಹರಕು ಹಿಂದಿಯಲ್ಲಿ ಮಾತಾಡ್ತಾರೆ. ಅವರ ಹತ್ತು ನಿಮಿಷ ನಾನು ನೋಡಿದ ಯಾವ ಕೋರ್ಸಿನಲ್ಲೂ ಇಲ್ಲ.