ಏಕಪ್ರತಿಯ ಒಡೆತನ: ಭಾವಚಿತ್ರ, ಫ್ಯಾಷನ್ ಛಾಯಾಗ್ರಹಣ ಮತ್ತು ಇನ್‌ಸ್ಟಂಟ್ ಫಿಲ್ಮ್

ಛಾಯಾಚಿತ್ರಕಲೆಯನ್ನು ಕುರಿತ ವಿಮರ್ಶೆಯಲ್ಲಿ ಇನ್‌ಸ್ಟಂಟ್ ಫಿಲ್ಮ್‌ಗೆ ದೊರೆತಿರುವ ಸ್ಥಾನ ಕಿರಿದು. ಕ್ಯಾಮೆರಾದಿಂದ ಹೊರಬಂದು ಕಣ್ಣೆದುರಿಗೇ ಮೂಡುವ ಚಿತ್ರವನ್ನು ಹೆಚ್ಚಿನವರು ಕೌತುಕದ ವಸ್ತುವೆಂದೋ ಹವ್ಯಾಸಿಗಳ ವಿನೋದವೆಂದೋ ಬದಿಗಿರಿಸಿದ್ದಾರೆ. ಅದನ್ನು ಗಂಭೀರವಾಗಿ ಪರಿಗಣಿಸಿದವರೂ ಅದರ ಬಣ್ಣಗಳ ಮೃದುತ್ವವನ್ನು, ಶೀಘ್ರತೆಯನ್ನು ಮುಂದುಮಾಡಿಯೇ ಮಾತನಾಡಿದ್ದಾರೆ. ಆದರೆ ಭಾವಚಿತ್ರ ಮತ್ತು ಫ್ಯಾಷನ್ ಛಾಯಾಗ್ರಹಣ ಎಂಬ ಎರಡು ಕ್ಷೇತ್ರಗಳಲ್ಲಿ ಈ ಮಾಧ್ಯಮ ನಡೆದುಬಂದ ದಾರಿಯನ್ನು ಗಮನಿಸಿದರೆ, ಅದರ ನಿಜವಾದ ವೈಶಿಷ್ಟ್ಯವಿರುವುದು ಶೀಘ್ರತೆಯಲ್ಲಲ್ಲ, ಒಂದೇ ಪ್ರತಿಯಾಗಿರುವುದರಲ್ಲಿ ಎಂಬುದು ಸ್ಪಷ್ಟವಾಗುತ್ತದೆ. ಇರುವುದು ಒಂದೇ ಪ್ರತಿಯಾದಾಗ ಅದು ಯಾರ ಬಳಿ ಉಳಿಯಬೇಕೆಂಬ ಪ್ರಶ್ನೆ ಅನಿವಾರ್ಯ. ಚಿತ್ರ ತೆಗೆದವರಿಗೂ ತೆಗೆಸಿಕೊಂಡವರಿಗೂ ಇರುವ ಸಂಬಂಧವನ್ನು ಈ ಪ್ರಶ್ನೆಯೇ ಬಯಲಿಗೆ ತರುತ್ತದೆ. ಪ್ರಸ್ತುತ ಲೇಖನವು ಆ ಸಂಬಂಧವನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುತ್ತದೆ.

ತಂತ್ರ ಮತ್ತು ಅದರ ಫಲ

1839ರಲ್ಲಿ ಪ್ರಕಟಗೊಂಡ ಡಗೆರೊಟೈಪ್, ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಮೂಡುವ ಒಂಟಿ ಚಿತ್ರವಾಗಿತ್ತು. ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ಕ್ಯಾಲೊಟೈಪ್ ವಿಧಾನದಲ್ಲಾದರೋ ಒಂದು ನೆಗೆಟಿವ್‌ನಿಂದ ಅನೇಕ ಪ್ರತಿಗಳನ್ನು ಪಡೆಯಬಹುದಾಗಿತ್ತು. ಮುಂದಿನ ಛಾಯಾಗ್ರಹಣ ಬಹುಮಟ್ಟಿಗೆ ಟಾಲ್ಬಟ್‌ನ ದಾರಿಯಲ್ಲೇ ಸಾಗಿತು. ನೆಗೆಟಿವ್ ಸ್ಟುಡಿಯೊದಲ್ಲಿ, ಪ್ರತಿ ಗಿರಾಕಿಯ ಮನೆಯಲ್ಲಿ ಎಂಬ ಹಂಚಿಕೆ ಏರ್ಪಟ್ಟದ್ದು ಇದರಿಂದಲೇ. ಕುಳಿತವರು ತಮ್ಮ ಮುಖವನ್ನು ಕಾಣುತ್ತಿದ್ದುದು ದಿನಗಳು ಕಳೆದ ಮೇಲೆ. ಅಷ್ಟರಲ್ಲಿ ಆಯ್ಕೆ, ಟಚಿಂಗ್, ಕತ್ತರಿಕೆ ಎಲ್ಲವೂ ಮುಗಿದಿರುತ್ತಿದ್ದವು.

ಈ ಕಾಯುವಿಕೆಯನ್ನು ಇಲ್ಲವಾಗಿಸಿದವನು ಅಮೆರಿಕದ ವಿಜ್ಞಾನಿ ಎಡ್ವಿನ್ ಲ್ಯಾಂಡ್. 1943ರಲ್ಲಿ ಸಾಂತಾ ಫೇ ನಗರದಲ್ಲಿದ್ದಾಗ, ಆಗತಾನೆ ತೆಗೆದ ಚಿತ್ರವನ್ನು ಈಗಲೇ ಏಕೆ ನೋಡಲಾಗದೆಂದು ಅವನ ಮೂರು ವರ್ಷದ ಮಗಳು ಕೇಳಿದ ಪ್ರಶ್ನೆಯೇ ಈ ಶೋಧಕ್ಕೆ ಪ್ರೇರಣೆಯಾಯಿತೆಂಬುದು ಲ್ಯಾಂಡ್ ಸ್ವತಃ ಹೇಳಿಕೊಂಡು ಬಂದ ವಿವರ. 1947ರ ಫೆಬ್ರವರಿ 21ರಂದು ನ್ಯೂಯಾರ್ಕಿನಲ್ಲಿ ಅವನು ತನ್ನ ಪದ್ಧತಿಯನ್ನು ಪ್ರದರ್ಶಿಸಿದ. ಮರುವರ್ಷದ ನವೆಂಬರಿನಲ್ಲಿ ಮೊದಲ ಪೋಲರಾಯ್ಡ್ ಕ್ಯಾಮೆರಾ ಬಾಸ್ಟನ್ನಿನಲ್ಲಿ ಮಾರಾಟಕ್ಕೆ ಬಂದಿತು. ಬೆಳಕು ತಾಗಿದ ಬೆಳ್ಳಿಯ ಲವಣ ನೆಗೆಟಿವ್ ಪದರದಲ್ಲೇ ಉಳಿದು, ಬೆಳಕು ತಾಗದ ಲವಣ ಕರಗಿ ಪಕ್ಕದ ಕಾಗದಕ್ಕೆ ದಾಟಿ ಅಲ್ಲಿ ಚಿತ್ರವಾಗಿ ನೆಲೆಗೊಳ್ಳುವುದು ಇದರ ಮೂಲತತ್ತ್ವ. ಚಿತ್ರ ಮೂಡಿದ ಮೇಲೆ ನೆಗೆಟಿವ್ ಪದರವನ್ನು ಸುಲಿದು ಎಸೆಯುತ್ತಿದ್ದರು. 1963ರಲ್ಲಿ ಬಣ್ಣದ ಫಿಲ್ಮ್ ಬಂದಿತು. 1972ರ ಎಸ್‌ಎಕ್ಸ್-70 ಕ್ಯಾಮೆರಾದಲ್ಲಿ ಸುಲಿಯುವ ಕೆಲಸವೂ ತಪ್ಪಿ, ಹಾಳೆ ಹೊರಬಂದು ಬೆಳಕಿನಲ್ಲೇ ಬಲಿಯತೊಡಗಿತು. ಟೈಪ್ 55ರಂತಹ ಕೆಲವು ಬಗೆಗಳು ಮರುಬಳಕೆಯ ನೆಗೆಟಿವ್ ಕೊಡುತ್ತಿದ್ದುದು ನಿಜ. ಅವು ಅಪವಾದಗಳು. ಸಾಮಾನ್ಯವಾಗಿ ಇನ್‌ಸ್ಟಂಟ್ ಫಿಲ್ಮ್ ಡಗೆರೊಟೈಪ್‌ನ ಒಂಟಿತನಕ್ಕೆ ಮರಳಿತು.

ಕುಳಿತವರ ಪಾಲು

ವಾಕರ್ ಇವಾನ್ಸ್‌ನ ಎರಡು ಕಾಲಘಟ್ಟಗಳ ಕೆಲಸವನ್ನು ಒಟ್ಟಿಗಿರಿಸಿ ನೋಡಿದರೆ ಈ ಬದಲಾವಣೆಯ ಅರ್ಥ ತಿಳಿಯುತ್ತದೆ. 1938 ಮತ್ತು 1941ರ ನಡುವೆ ಅವನು ಕೋಟಿನೊಳಗೆ ಕ್ಯಾಮೆರಾ ಅಡಗಿಸಿಕೊಂಡು ನ್ಯೂಯಾರ್ಕಿನ ಸುರಂಗ ರೈಲುಗಳಲ್ಲಿ ಪ್ರಯಾಣಿಕರ ಮುಖಗಳನ್ನು ಸೆರೆಹಿಡಿದ. ಅವು ಪುಸ್ತಕರೂಪದಲ್ಲಿ ಬಂದದ್ದು 1966ರಲ್ಲಿ. ತಮ್ಮ ಚಿತ್ರ ತೆಗೆಯಲಾಯಿತೆಂಬುದೇ ಆ ಪ್ರಯಾಣಿಕರಿಗೆ ಗೊತ್ತಿರಲಿಲ್ಲ. ಅರಿವಿಲ್ಲದ ಮುಖವೇ ನಿಜವಾದ ಮುಖ ಎಂಬ ನಂಬಿಕೆ ಅಲ್ಲಿ ಕೆಲಸ ಮಾಡಿದೆ. ಅದೇ ಇವಾನ್ಸ್ 1973–74ರಲ್ಲಿ, ಬದುಕಿನ ಕೊನೆಯಲ್ಲಿ, ಎಸ್‌ಎಕ್ಸ್-70 ಹಿಡಿದು ಎರಡೂವರೆ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದ. ಅವುಗಳಲ್ಲಿ ಗೆಳೆಯರ, ವಿದ್ಯಾರ್ಥಿಗಳ ಮುಖಗಳು ಬಹಳ ಸಮೀಪದಿಂದ ಕಾಣುತ್ತವೆ. ಇಲ್ಲಿ ಅಡಗುವುದಕ್ಕೆ ಅವಕಾಶವಿಲ್ಲ. ಎರಡಡಿ ದೂರದಲ್ಲಿರುವವರು ಕ್ಯಾಮೆರಾವನ್ನು ಬಲ್ಲರು, ಕೆಲವೇ ನಿಮಿಷಗಳಲ್ಲಿ ಫಲವನ್ನೂ ಕಾಣಬಲ್ಲರು. ಆದರೂ ಈ ಮುಖಗಳು ರೈಲಿನ ಮುಖಗಳಿಗಿಂತ ಕಡಿಮೆ ಸತ್ಯವೆಂದು ಅನಿಸುವುದಿಲ್ಲ. ಕದ್ದು ನೋಡಿದರೆ ಮಾತ್ರ ಸತ್ಯ ಸಿಗುತ್ತದೆಂಬ, ಭಾವಚಿತ್ರ ವಿಮರ್ಶೆಯಲ್ಲಿ ಬೇರೂರಿದ ಗ್ರಹಿಕೆಯನ್ನು ಇವಾನ್ಸ್‌ನ ಕೊನೆಯ ಕೆಲಸವೇ ಅಲ್ಲಗಳೆಯುತ್ತದೆ.

ಆಂಡಿ ವಾರ್‌ಹಾಲ್‌ನ ಕ್ರಮ ಬೇರೆ. ಅವನು ಬಳಸಿದ ಬಿಗ್ ಶಾಟ್ ಕ್ಯಾಮೆರಾದ ಫೋಕಸ್ ಸುಮಾರು ಒಂದು ಮೀಟರಿಗೆ ಸ್ಥಿರವಾಗಿತ್ತು. ಹೀಗಾಗಿ ಛಾಯಾಗ್ರಾಹಕನೇ ಹಿಂದೆ ಮುಂದೆ ಸರಿಯಬೇಕಿತ್ತು. ಮುಖಕ್ಕೆ ದಟ್ಟವಾದ ಬಿಳಿ ಬಣ್ಣ ಬಳಿಸಿ, ಸುಕ್ಕುಗಳನ್ನು ಅಳಿಸಿ ತೆಗೆದ ಹಲವಾರು ಚಿತ್ರಗಳಲ್ಲಿ ಆಯ್ದದ್ದು ರೇಷ್ಮೆಪರದೆಯ ಮೂಲಕ ದೊಡ್ಡ ಕ್ಯಾನ್ವಾಸಿಗೆ ಏರುತ್ತಿತ್ತು. ಹಣ ಕೊಟ್ಟವರು ಕೊಂಡದ್ದು ಕ್ಯಾನ್ವಾಸನ್ನು. ಸುಕ್ಕಿಲ್ಲದ ಮುಖದ ಆಚೆಗಿನ ಹಿಂಜರಿಕೆಗಳನ್ನು ಹಿಡಿದಿಟ್ಟ ಪೋಲರಾಯ್ಡ್‌ಗಳು ಕಲಾವಿದನ ಬಳಿಯೇ ಉಳಿದವು. ಅವನ ಹೆಸರಿನ ಪ್ರತಿಷ್ಠಾನವು 2007ರಲ್ಲಿ ಆರಂಭಿಸಿದ ಯೋಜನೆಯಡಿ, ಇವುಗಳನ್ನೊಳಗೊಂಡ 28,500ಕ್ಕೂ ಹೆಚ್ಚು ಛಾಯಾಚಿತ್ರಗಳು ಅಮೆರಿಕದ 180ಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳ ಸಂಗ್ರಹಾಲಯಗಳನ್ನು ಸೇರಿದವು.

ಒಡೆತನದ ಪ್ರಶ್ನೆಯನ್ನು ತನ್ನ ಕೆಲಸದ ಪದ್ಧತಿಯಲ್ಲೇ ಅಳವಡಿಸಿಕೊಂಡವರು ಎಲ್ಸಾ ಡಾರ್ಫ್‌ಮನ್ (1937–2020). ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ನೆಲೆಸಿದ್ದ ಇವರು 1980ರಿಂದ ದಶಕಗಳ ಕಾಲ, 20x24 ಇಂಚಿನ ಚಿತ್ರ ಕೊಡುವ ದೈತ್ಯ ಪೋಲರಾಯ್ಡ್ ಕ್ಯಾಮೆರಾದಲ್ಲಿ ಭಾವಚಿತ್ರಗಳನ್ನು ತೆಗೆದರು. ಈ ಬಗೆಯ ಕ್ಯಾಮೆರಾಗಳು ಇದ್ದದ್ದು ಬೆರಳೆಣಿಕೆಯಷ್ಟು. ಒಂದೊಂದರ ತೂಕ ಸುಮಾರು 100 ಕಿಲೋಗ್ರಾಂ. ಡಾರ್ಫ್‌ಮನ್ ಸಾಮಾನ್ಯವಾಗಿ ಎರಡು ಚಿತ್ರ ತೆಗೆಯುತ್ತಿದ್ದರು. ಬಂದವರು ಒಂದನ್ನು ಆರಿಸಿ ಒಯ್ಯುತ್ತಿದ್ದರು. ಬೇಡವೆಂದದ್ದು ಅವರ ಬಳಿ ಉಳಿಯುತ್ತಿತ್ತು. ಹೀಗೆ ಉಳಿದವುಗಳ ಸಂಗ್ರಹವೇ 2016ರಲ್ಲಿ ಎರಲ್ ಮಾರಿಸ್ ನಿರ್ದೇಶಿಸಿದ ಸಾಕ್ಷ್ಯಚಿತ್ರ ‘ದ ಬಿ-ಸೈಡ್’ಗೆ ಹೆಸರನ್ನೂ ವಸ್ತುವನ್ನೂ ಒದಗಿಸಿತು.

ಈ ಪದ್ಧತಿಯನ್ನು ಗಿರಾಕಿಯನ್ನು ಮೆಚ್ಚಿಸುವ ವ್ಯಾಪಾರವೆಂದು ತಳ್ಳಿಹಾಕುವುದು ಸುಲಭ. ಡಾರ್ಫ್‌ಮನ್ ಅವರ ಚಿತ್ರಗಳಲ್ಲಿ ನೋವಿನ ಶೋಧವಿಲ್ಲ. ಬಿಳಿಯ ಹಿನ್ನೆಲೆಯ ಎದುರು ಜನ ನೇರವಾಗಿ, ಬಹುಪಾಲು ಪ್ರಸನ್ನರಾಗಿ ನಿಲ್ಲುತ್ತಾರೆ. ಆದರೆ ಇಲ್ಲಿ ಆಯ್ಕೆಯ ಅಧಿಕಾರ ಕುಳಿತವರಿಗೆ ಸೇರಿದೆ ಎಂಬುದನ್ನು ಮರೆಯಲಾಗದು. ತಾನು ಹೇಗೆ ಕಾಣಬೇಕೆಂಬುದನ್ನು ಕುಟುಂಬ ತೀರ್ಮಾನಿಸುತ್ತದೆ. ಅದು ಒಪ್ಪದ ರೂಪವನ್ನು ಕಲಾವಿದೆ ಕಾಪಾಡುತ್ತಾರೆ. ಒಂದು ಪ್ರತಿ ಬದುಕಿಗೆ, ಇನ್ನೊಂದು ಕಲೆಗೆ. ನೆಗೆಟಿವ್ ಇಲ್ಲದಿರುವುದರಿಂದ ಯಾರೂ ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಮಾಧ್ಯಮದ ಮಿತಿಯೇ ಇಲ್ಲಿ ನ್ಯಾಯದ ಹಂಚಿಕೆಯಾಗಿದೆ.

ಫ್ಯಾಷನ್: ತಾಲೀಮು ಮತ್ತು ಕೃತಿ

ಫ್ಯಾಷನ್ ಛಾಯಾಗ್ರಹಣದಲ್ಲಿ ಇನ್‌ಸ್ಟಂಟ್ ಫಿಲ್ಮ್ ಬಹುಕಾಲ ಒಂದು ಪರೀಕ್ಷಾಪತ್ರ ಮಾತ್ರವಾಗಿತ್ತು. ರೂಪದರ್ಶಿ, ಕೇಶವಿನ್ಯಾಸಕ, ಬಟ್ಟೆಯ ಹೊಣೆ ಹೊತ್ತವರು, ಪತ್ರಿಕೆಯ ಸಂಪಾದಕ ಇಷ್ಟು ಜನ ಸೇರಿದ ದುಬಾರಿ ಕೆಲಸದಲ್ಲಿ ಬೆಳಕು ಸರಿಯಿದೆಯೇ, ಮಡಿಕೆ ನೆಟ್ಟಗಿದೆಯೇ ಎಂದು ಫಿಲ್ಮ್ ಖರ್ಚಾಗುವ ಮುನ್ನವೇ ತಿಳಿಯಬೇಕಿತ್ತು. ಕ್ಯಾಮೆರಾದ ಹಿಂಬದಿಗೆ ಪೋಲರಾಯ್ಡ್ ಜೋಡಿಸಿ ಒಂದು ಚಿತ್ರ ತೆಗೆದು, ಎಲ್ಲರೂ ನೋಡಿ, ತಿದ್ದಿ, ಬಳಿಕ ಅದನ್ನು ಎಸೆಯುವುದು ರೂಢಿಯಾಗಿತ್ತು. ಅಂತಿಮ ಚಿತ್ರದಲ್ಲಿ ತಿದ್ದುಪಡಿಗೊಂಡು ಮಾಯವಾದದ್ದೆಲ್ಲ ಈ ತಾಲೀಮಿನ ಹಾಳೆಯಲ್ಲಿರುತ್ತಿತ್ತು. ಹೆಲ್ಮುಟ್ ನ್ಯೂಟನ್ ಅವುಗಳನ್ನು ಎಸೆಯದೆ, ಅಂಚಿನಲ್ಲಿ ಟಿಪ್ಪಣಿ ಬರೆದು ಇಟ್ಟುಕೊಂಡು, 1992ರಲ್ಲಿ ‘ಪೋಲಾ ವುಮನ್’ ಎಂಬ ಪುಸ್ತಕವಾಗಿ ತಂದ. ಅವನ ಪ್ರಸಿದ್ಧ ಚಿತ್ರಗಳಲ್ಲಿ ಹೆಣ್ಣು ಶಿಲ್ಪದಂತೆ ಗಟ್ಟಿಯಾಗಿ, ಎಟುಕದಂತೆ ನಿಂತಿರುತ್ತಾಳೆ. ಪೋಲರಾಯ್ಡ್‌ಗಳಲ್ಲಿ ಆ ಭಂಗಿ ಇನ್ನೂ ಕಟ್ಟಲ್ಪಡುತ್ತಿರುವುದು ಕಾಣುತ್ತದೆ. ಫ್ಯಾಷನ್ ಚಿತ್ರ ಮುಚ್ಚಿಡುವ ಶ್ರಮವನ್ನು ಅವು ಹೊರಗಿಡುತ್ತವೆ. ಆದರೆ ಇಲ್ಲಿ ಏನನ್ನು ಉಳಿಸಬೇಕು, ಏನನ್ನು ಪ್ರಕಟಿಸಬೇಕು ಎಂದು ತೀರ್ಮಾನಿಸಿದವನು ಛಾಯಾಗ್ರಾಹಕ. ಡಾರ್ಫ್‌ಮನ್ ಅವರ ಗಿರಾಕಿಗಿದ್ದ ಆಯ್ಕೆ ಈ ಉದ್ಯಮದ ರೂಪದರ್ಶಿಗೆ ಇರಲಿಲ್ಲ.

ಇಟಲಿಯ ರವೆನ್ನಾದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಪಾವೊಲೊ ರೊವೆರ್ಸಿ ಈ ರೂಢಿಯನ್ನು ತಲೆಕೆಳಗು ಮಾಡಿದ. 1980ರಿಂದ ಅವನು 8x10 ಇಂಚಿನ ಪೋಲರಾಯ್ಡ್ ಫಿಲ್ಮನ್ನೇ ಅಂತಿಮ ಕೃತಿಗೆ ಬಳಸಿದ. ದೀರ್ಘ ಎಕ್ಸ್‌ಪೋಷರ್, ಅಂಚು ಕರಗುವ ಬಣ್ಣ, ಮಸುಕಿನಿಂದ ಮೂಡುವ ಮುಖ ಇವುಗಳಿಂದ ಉಡುಪಿನ ಚಿತ್ರ ಭಾವಚಿತ್ರಕ್ಕೆ ಸಮೀಪವಾಯಿತು. ಉಡುಪು ಹಿಂದೆ ಸರಿದು ಅದನ್ನು ತೊಟ್ಟ ವ್ಯಕ್ತಿಯ ಇರವು ಮುಂದೆ ಬಂದಿತು. ಉದ್ಯಮ ಇದನ್ನು ಒಪ್ಪಿಕೊಂಡಿತೆಂಬುದು ಗಮನಾರ್ಹ. ಅತ್ತ ರೂಪದರ್ಶಿಗಳ ಏಜೆನ್ಸಿಗಳಲ್ಲಿ ಮೇಕಪ್ ಇಲ್ಲದೆ, ತಿದ್ದದೆ ತೆಗೆದ ಸರಳ ಚಿತ್ರಕ್ಕೆ ಡಿಜಿಟಲ್ ಕಾಲದಲ್ಲೂ ‘ಪೋಲರಾಯ್ಡ್’ ಎಂಬ ಹೆಸರೇ ಬಳಕೆಯಲ್ಲಿ ಉಳಿಯಿತು. ಸೌಂದರ್ಯವನ್ನು ತಯಾರಿಸುವ ಉದ್ಯಮವೂ ನಂಬಿಕೆಗಾಗಿ ಆಶ್ರಯಿಸಿದ್ದು ಈ ಬಡ ಚಿತ್ರವನ್ನು.

ಗುರುತಿನ ಚಿತ್ರ

ತತ್‌ಕ್ಷಣದ ಭಾವಚಿತ್ರ ಕುಳಿತವರಿಗೆ ಪಾಲು ಕೊಡುತ್ತದೆ ಎಂಬ ಮಾತನ್ನು ಸಾರ್ವತ್ರಿಕ ನಿಯಮವಾಗಿ ಹೇಳಲಾಗದು. ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನರ ಓಡಾಟವನ್ನು ನಿಯಂತ್ರಿಸುತ್ತಿದ್ದ ಪಾಸ್‌ಬುಕ್ಕುಗಳ ಭಾವಚಿತ್ರಗಳಿಗೆ ಪೋಲರಾಯ್ಡ್ ಸಲಕರಣೆ ಬಳಕೆಯಾಗಿತ್ತು. ಸಂಸ್ಥೆಯ ಉದ್ಯೋಗಿಗಳಾಗಿದ್ದ ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್ 1970ರಲ್ಲಿ ಇದರ ವಿರುದ್ಧ ಚಳವಳಿ ಹೂಡಿ ಬಹಿಷ್ಕಾರಕ್ಕೆ ಕರೆಕೊಟ್ಟರು. 1977ರಲ್ಲಿ ಸಂಸ್ಥೆ ಆ ದೇಶದ ವ್ಯವಹಾರವನ್ನು ನಿಲ್ಲಿಸಿತು. ಪಾಸ್‌ಬುಕ್ಕಿನ ಚಿತ್ರವನ್ನು ವ್ಯಕ್ತಿ ತನ್ನ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಆದರೆ ಅದು ಅವನದಾಗಿರಲಿಲ್ಲ. ಕೇಳಿದೊಡನೆ ತೋರಿಸಬೇಕಾದ ಸಾಕ್ಷ್ಯವಾಗಿತ್ತು. ಚಿತ್ರ ಕೈಯಲ್ಲಿರುವುದೇ ಒಡೆತನವಲ್ಲ, ಬೇಡವೆನ್ನುವ ಸ್ವಾತಂತ್ರ್ಯವೂ ಅದರೊಡನೆ ಇರಬೇಕು ಎಂಬುದನ್ನು ಈ ನಿದರ್ಶನ ಕಠೋರವಾಗಿ ತಿಳಿಸುತ್ತದೆ.

ಉಳಿದದ್ದು

ಕಲಾವಿದರೂ ಈ ಪ್ರಶ್ನೆಯಿಂದ ಹೊರತಾಗಲಿಲ್ಲ. ಅವರು ಸಂಸ್ಥೆಗೆ ನೀಡಿದ್ದ ಕೃತಿಗಳ ದೊಡ್ಡ ಸಂಗ್ರಹವೊಂದಿತ್ತು. ಸಂಸ್ಥೆ 2001ರಲ್ಲಿ ಮೊದಲ ಬಾರಿ ದಿವಾಳಿಯಾಗಿ, ಮುಂದೆ ಹೆಸರು ಕೈಬದಲಾಗಿ, 2008ರಲ್ಲಿ ಫಿಲ್ಮ್ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. 2010ರ ಜೂನ್‌ನಲ್ಲಿ ನ್ಯಾಯಾಲಯದ ಅನುಮತಿಯಂತೆ ಆ ಸಂಗ್ರಹದ ಒಂದು ಭಾಗ ನ್ಯೂಯಾರ್ಕಿನಲ್ಲಿ ಹರಾಜಾಗಿ ಸುಮಾರು 1.25 ಕೋಟಿ ಡಾಲರ್ ತಂದಿತು. ಚಕ್ ಕ್ಲೋಸ್‌ನಂತಹ ಕಲಾವಿದರು ಇದನ್ನು ವಿರೋಧಿಸಿದ್ದರು. ನೆಗೆಟಿವ್ ಇದ್ದಿದ್ದರೆ ಇನ್ನೊಂದು ಪ್ರತಿ ಮಾಡಿಕೊಳ್ಳಬಹುದಿತ್ತು. ಇಲ್ಲಿ ಹೋದದ್ದು ಹೋಯಿತು. ನೆದರ್ಲೆಂಡ್ಸ್‌ನ ಎನ್‌ಸ್ಕೆಡೆಯ ಹಳೆಯ ಕಾರ್ಖಾನೆಯನ್ನು ಉಳಿಸಿಕೊಂಡವರು 2010ರಿಂದ ಮತ್ತೆ ಫಿಲ್ಮ್ ತಯಾರಿಸತೊಡಗಿದರು. ಫ್ಯೂಜಿಯ ಇನ್‌ಸ್ಟ್ಯಾಕ್ಸ್ 1998ರಿಂದ ಹೊಸ ಪೀಳಿಗೆಯನ್ನು ಸೇರಿಕೊಂಡಿದೆ.

ಡಿಜಿಟಲ್ ಪರದೆಯೂ ಚಿತ್ರವನ್ನು ಆ ಕ್ಷಣವೇ ತೋರಿಸುವುದರಿಂದ ಇನ್‌ಸ್ಟಂಟ್ ಫಿಲ್ಮ್‌ನ ಕಾಲ ಮುಗಿಯಿತೆಂಬ ವಾದವಿದೆ. ಶೀಘ್ರತೆಯೇ ಅದರ ಗುಣವಾಗಿದ್ದರೆ ಈ ವಾದ ನಿಲ್ಲುತ್ತಿತ್ತು. ಆದರೆ ಡಿಜಿಟಲ್ ಚಿತ್ರವನ್ನು ಕೊಟ್ಟವರೂ ಕಳೆದುಕೊಳ್ಳುವುದಿಲ್ಲ, ಪಡೆದವರೂ ಪೂರ್ತಿಯಾಗಿ ಪಡೆಯುವುದಿಲ್ಲ. ಅದರ ಪ್ರತಿಗಳು ಎಲ್ಲೆಲ್ಲಿ ಉಳಿದಿವೆ ಎಂಬುದು ಕುಳಿತವರ ಅರಿವಿಗೆ ಮೀರಿದ ಸಂಗತಿ. ಒಂದೇ ಹಾಳೆಯ ಚಿತ್ರದಲ್ಲಾದರೋ ಕೊಡುವುದು, ಇಟ್ಟುಕೊಳ್ಳುವುದು, ನಿರಾಕರಿಸುವುದು ಮೂರೂ ಅಳೆಯಬಹುದಾದ ಕ್ರಿಯೆಗಳು. ಆದ್ದರಿಂದ ಭಾವಚಿತ್ರದ ವಿಮರ್ಶೆ ಸಂಯೋಜನೆ, ಬೆಳಕು, ಭಾವ ಇವುಗಳ ಜೊತೆಗೆ ಮೂರು ವಿವರಗಳನ್ನು ದಾಖಲಿಸಬೇಕಾಗಿದೆ: ಚಿತ್ರವನ್ನು ಮೊದಲು ನೋಡಿದವರಾರು, ಬೇಡವೆನ್ನುವ ಹಕ್ಕು ಯಾರಿಗಿತ್ತು, ಕೊನೆಗೆ ಅದು ಯಾರ ಬಳಿ ಉಳಿಯಿತು. ಸಂಗ್ರಹಾಲಯಗಳ ವಿವರಪಟ್ಟಿಗಳಲ್ಲಿ ಛಾಯಾಗ್ರಾಹಕನ ಹೆಸರು, ವರ್ಷ, ಅಳತೆಗಳಿಗೆ ಸ್ಥಾನವಿದೆ. ಈ ಮೂರು ವಿವರಗಳಿಗೂ ಅಲ್ಲಿ ಸ್ಥಾನ ದೊರೆತಾಗ ಭಾವಚಿತ್ರದ ಇತಿಹಾಸದಲ್ಲಿ ಕುಳಿತವರ ಪಾಲನ್ನು ಕಾಣುವುದು ಸಾಧ್ಯವಾದೀತು.